ಗಾಳಿಯ ಮೇಲೆ ಹಾಕಬೇಡಿ

ದುಬೈಯ ನೈಫಿನ ನಮ್ಮ ಆಫೀಸಿನಲ್ಲಿ ನಾನು ಒಬ್ಬನೇ ಹನ್ನೊಂದು ಜನ. ವೀಸಾ ಒಂದೇ, ಧ್ವನಿ ಹನ್ನೊಂದು. ಮ್ಯಾನೇಜರ್ ಹಮೀದಾಕ ಸಲಾಂ ಹೇಳುವ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುವುದು, ಕೆಳಗಿನ ಕೆಫೆಟೇರಿಯಾದ ಮಲಯಾಳಿ ಚೇಟ ಮೂಗಿನಲ್ಲೇ ಒಳಗೆ ಆರ್ಡರ್ ಕೂಗುವುದು, ಮೆಟ್ರೋ ಬಾಗಿಲು ಮುಚ್ಚುವಾಗ ಮಾತಾಡುವ ಆ ಹೆಂಗಸಿನ ಬೆಣ್ಣೆಯಂಥ ಇಂಗ್ಲಿಷ್, ಎಲ್ಲವೂ ನನ್ನ ಗಂಟಲಿನೊಳಗೆ ಬೆಡ್‌ಸ್ಪೇಸ್ ಹಿಡಿದುಕೊಂಡಿವೆ. ಬಾಡಿಗೆ ಕೊಡುವುದಿಲ್ಲ, ಖಾಲಿಯೂ ಮಾಡುವುದಿಲ್ಲ. ಹಾಗಾದರೆ ನನ್ನ ಸ್ವಂತ ಧ್ವನಿ ಯಾವುದು ಎಂದು ಕೇಳಿದರೆ ಸ್ವಲ್ಪ ಹುಡುಕಬೇಕಾಗುತ್ತದೆ. ಊರಿನಲ್ಲಿ ನನ್ನ ಅಮ್ಮ ಫೋನ್ ಎತ್ತಿದ ಕೂಡಲೇ ಕೇಳುವುದು, "ಇವತ್ತು ಯಾರು ನೀನು?"

ಈ ಹನ್ನೊಂದರಲ್ಲಿ ಒಂದನ್ನು ನಾನೀಗ ಹೊರಗೆ ತೆಗೆಯುವುದಿಲ್ಲ. ಅದು ಮಾಸ್ಟ್ರ ಧ್ವನಿ. ಮಾಸ್ಟ್ರು ಈ ಜುಲೈಯಲ್ಲಿ ತೀರಿಕೊಂಡರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮಲ್ಲಿ ಯಾರಿಗೂ ಗುರುತು ಸಿಗಲಿಕ್ಕಿಲ್ಲ. ನೈಫಿನ ಆಫೀಸಿನಿಂದ ದೇರಾದ ಗೋದಾಮಿನವರೆಗೆ ಅವರು ಮಾಸ್ಟ್ರೇ. ಪಿಕಪ್ ಓಡಿಸುವ ಪಠಾಣನಿಗೂ ಮಾಸ್ಟರ್‌ಜೀ. ಉಡುಪಿ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಇತಿಹಾಸ ಪಾಠ ಮಾಡಿದವರು. ಮಕ್ಕಳಿಲ್ಲದೆ ಶಾಲೆ ಮುಚ್ಚಿತು. ಹೆಂಡತಿ, ನಮಗೆಲ್ಲ ಆಂಟಿ, ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸ್, ಮಗಳೂ ಅಲ್ಲೇ, ಹಾಗಾಗಿ ಇವರೂ ಬಂದರು. ಕನ್ನಡದಲ್ಲಿ ಯುರೋಪಿನ ಇತಿಹಾಸ ಹೇಳುವವರಿಗೆ ಈ ದೇಶದಲ್ಲಿ ಎಷ್ಟು ಬೇಡಿಕೆ ಇದೆಯೆಂದು ಹೇಳಬೇಕಾಗಿಲ್ಲ. ಕೊನೆಗೆ ನಮ್ಮ ಕಂಪನಿಯಲ್ಲಿ ಸ್ಟೋರ್ ಕೀಪರ್ ಆದರು. ನಮ್ಮದು ಹಡಗುಗಳಿಗೆ ಸಾಮಾನು ಒದಗಿಸುವ ಕಂಪನಿ. ಅಕ್ಕಿ, ಈರುಳ್ಳಿ, ಕುಡಿಯುವ ನೀರು, ಬಣ್ಣ, ಹಗ್ಗ, ಲಂಗರಿನ ಸರಪಳಿ, ಏನು ಕೇಳಿದರೂ ಸಿಗುತ್ತದೆ. ವಾರವೆಲ್ಲ ದೇರಾದ ಫ್ಲಾಟಿನಲ್ಲಿ ಅವರದ್ದು ಕೆಳಗಿನ ಮಂಚ, ನನ್ನದು ಮೇಲಿನದು. ಶನಿವಾರ ಸಂಜೆ ಅವರು ಅಬುಧಾಬಿಯ ಬಸ್ಸು ಹತ್ತುತ್ತಿದ್ದರು.

ಆಳು ಉದ್ದ, ಸ್ವಲ್ಪ ಗೂನು. ನಲವತ್ತೈದು ಡಿಗ್ರಿ ಬಿಸಿಲಿನಲ್ಲೂ ತುಂಬುತೋಳಿನ ಅಂಗಿ, ಮಣಿಕಟ್ಟಿನ ಗುಂಡಿ ಹಾಕಿಯೇ ಇರಬೇಕು. ಬಲಗಿವಿಯ ಮೇಲೆ ಪೆನ್ಸಿಲ್. ಗೋದಾಮಿಗೆ ಯಾವ ಡ್ರಮ್ ಬರಲಿ, ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದು, ಕಣ್ಣು ಮುಚ್ಚಿ, ಕಿವಿ ಇಟ್ಟು ಕೇಳುತ್ತಿದ್ದರು. "ನೀವೇನು ಡಾಕ್ಟ್ರಾ ಮಾಸ್ಟ್ರೇ?" ಎಂದು ನಾನು ಕೇಳಿದರೆ, "ಆಂಟಿಗೆ ಹೇಳ್ಬೇಡ, ಅವಳು ಸ್ಟೆತಸ್ಕೋಪ್ ಇಟ್ಟು ಕೇಳುದು, ನಾನು ಬರೀ ಕಿವಿಯಲ್ಲಿ" ಎನ್ನುವರು. ಒಡಕು ಡ್ರಮ್ಮು ಅವರಿಗೆ ಒಮ್ಮೆಯೂ ಸುಳ್ಳು ಹೇಳಿದ್ದಿಲ್ಲ.

ನಕಲು ಮಾಡುವವನಿಗೆ ಇಂಥವರು ಸಿಕ್ಕಿದರೆ ಹಬ್ಬ. ಅವರ ಪ್ರತಿಯೊಂದು ಮಾತೂ "ಅದು ಹಾಗಲ್ಲ" ಎಂದೇ ಶುರುವಾಗುತ್ತಿತ್ತು. ನೀವು ಗುಡ್ ಮಾರ್ನಿಂಗ್ ಹೇಳಿದರೂ ಅವರು "ಅದು ಹಾಗಲ್ಲ" ಎಂದಾರು. ಮಹತ್ವದ ಮಾತಿಗೆ ಮೊದಲು ಹಲ್ಲಿನ ಸಂದಿಯಿಂದ ಸಣ್ಣಗೆ ಉಸಿರು ಎಳೆದುಕೊಳ್ಳುತ್ತಿದ್ದರು, ಬಿಸಿ ಗಂಜಿ ಬಾಯಿಗೆ ಹಾಕಿಕೊಂಡವರ ಹಾಗೆ. ಆಮೇಲೆ ಮೂರನೆಯ ಪದದಲ್ಲಿ ನಿಲ್ಲುವುದು, ಇಡೀ ಕ್ಲಾಸು ಬರೆದುಕೊಂಡಾಯಿತೇ ಎಂದು ನೋಡುವಂತೆ. ಎದುರಿಗಿದ್ದದ್ದು ನಾನೊಬ್ಬನೇ. ನಾನು ಯಾವತ್ತೂ ಬರೆದುಕೊಂಡವನಲ್ಲ.

ಸೇರಿದ ಮೊದಲ ತಿಂಗಳಲ್ಲೇ ನಾನು ಒಂದು ಹಡಗಿಗೆ ಈರುಳ್ಳಿ ಕಳಿಸಿ ಹೆಸರು ಮಾಡಿದೆ. ನಾಲ್ಕು ದಿನದಲ್ಲಿ ಅಷ್ಟೂ ಕೊಳೆತು ಕ್ಯಾಪ್ಟನ್ನು ಫೋನಿನಲ್ಲೇ ಬೆಂಕಿಯಾದ. ಮಾಸ್ಟ್ರು ನನ್ನನ್ನು ಗೋದಾಮಿಗೆ ಕರೆದು ಹಗ್ಗದ ಸುರುಳಿಯೊಂದರ ಮೇಲೆ ಕೂರಿಸಿದರು.

"ಈರುಳ್ಳಿ ಯಾಕೆ ಕೊಳೆತದ್ದು?"

"ಬಿಸಿಲು ಮಾಸ್ಟ್ರೇ. ಎಂತ ಮಾಡುದು?"

"ಅದು ಹಾಗಲ್ಲ. ಬಿಸಿಲು ಇಲ್ಲಿ ಪ್ರತಿ ವರ್ಷ ಬರ್ತದೆ, ನಿನ್ನನ್ನು ಕೇಳಿ ಬರುದಲ್ಲ. ನೀನು ಎಂತದ್ರಲ್ಲಿ ತುಂಬಿಸಿದ್ದು, ಅದು ಹೇಳು ಮೊದಲು."

"ಪ್ಲಾಸ್ಟಿಕ್ ಚೀಲದಲ್ಲಿ."

"ಬಾಯಿ ಕಟ್ಟಿ?"

"ಗಟ್ಟಿಯಾಗಿ."

ಮಾಸ್ಟ್ರು ಕನ್ನಡಕ ತೆಗೆದರು. "ನಿಂಗೆ ಸ್ಪೇನಿನ ರಾಜನ ಕತೆ ಗೊತ್ತುಂಟಾ?"

ಹೀಗೆ ನನ್ನ ಬದುಕಿನೊಳಗೆ ಆರ್ಮಡಾ ಬಂತು. ಸಾವಿರದ ಐನೂರ ಎಂಬತ್ತೆಂಟರಲ್ಲಿ ಸ್ಪೇನಿನ ರಾಜ ಇಂಗ್ಲೆಂಡನ್ನು ಗೆಲ್ಲಲು ಕಳಿಸಿದ ನೌಕಾಪಡೆ. ಸುಮಾರು ನೂರಮೂವತ್ತು ಹಡಗು. ಅಂಥ ಪಡೆಯನ್ನು ಆಗಿನ ಯುರೋಪು ಕಂಡಿರಲಿಲ್ಲ. ಸೋಲುವುದೇ ಇಲ್ಲ ಎಂದುಕೊಂಡು ಹೊರಟದ್ದು, ಅರ್ಧಕ್ಕರ್ಧ ಎನ್ನುವಷ್ಟು ಕಳೆದುಕೊಂಡು ಹರಿದ ಹಾಯಿಗಳೊಂದಿಗೆ ಮನೆಗೆ ಬಂತು. ಯಾಕೆ? ನಾನು ಎಸ್ಸೆಸ್ಸೆಲ್ಸಿಯಲ್ಲಿ ಕಂಠಪಾಠ ಮಾಡಿದ್ದನ್ನು ಹೇಳಿದೆ. "ಬಿರುಗಾಳಿ."

"ಗಾಳಿಯ ಮೇಲೆ ಹಾಕಬೇಡಿ," ಎಂದರು ಮಾಸ್ಟ್ರು, ನಾನು ಒಬ್ಬನೇ ಇದ್ದರೂ ಬಹುವಚನದಲ್ಲಿ. "ಗಾಳಿಗೆ ಬಾಯಿಲ್ಲ. ಅದಕ್ಕೇ ಸೋತವನೂ ಗೆದ್ದವನೂ ಅದರ ಹೆಸರು ಹೇಳುದು. ಮೊದಲು ಪೀಪಾಯಿ ನೋಡಿ."

ಪೀಪಾಯಿಯ ಕತೆ ಹೀಗೆ. ಹಡಗುಪಡೆ ಹೊರಡುವ ಹಿಂದಿನ ವರ್ಷ ಒಬ್ಬ ಇಂಗ್ಲಿಷ್ ಕಪ್ತಾನ ಸ್ಪೇನಿನ ಕಡಲಿಗೆ ನುಗ್ಗಿ, ಪೀಪಾಯಿಗೆಂದು ಒಣಗಿಸಿಟ್ಟಿದ್ದ ಮರದ ಹಲಗೆಗಳನ್ನು ಸುಟ್ಟುಹಾಕಿದ. ಆಗ ಯಾರೂ ಅದನ್ನು ದೊಡ್ಡ ನಷ್ಟ ಎಂದುಕೊಳ್ಳಲಿಲ್ಲ. ಹಲಗೆ ತಾನೆ. ಆದರೆ ಮರುವರ್ಷ ಅವಸರದಲ್ಲಿ ಹಸಿ ಮರದ ಪೀಪಾಯಿ ಮಾಡಿದರು. ಹಸಿ ಮರ ಸೊಟ್ಟಗಾಯಿತು, ಸಂದಿ ಬಿಟ್ಟಿತು. ನೀರು ಸೋರಿತು, ಉಳಿದದ್ದು ಹಸಿರಾಯಿತು, ಮಾಂಸಕ್ಕೆ ಹುಳ ಬಿತ್ತು. "ತೋಪು ಹಾರಿಸುವ ಮೊದಲೇ ಸೈನಿಕರ ಹೊಟ್ಟೆ ಕೆಟ್ಟಿತ್ತು. ಅಲ್ವಾ ಹೇಳಿ? ಆ ರಾಜನಿಗೆ ಒಬ್ಬ ಒಳ್ಳೆ ಸ್ಟೋರ್ ಕೀಪರ್ ಇದ್ದಿದ್ದರೆ ಲಂಡನ್ನಿನಲ್ಲಿ ಇವತ್ತು ಸ್ಪ್ಯಾನಿಷ್ ಮಾತಾಡ್ತಿದ್ದರು."

ಅವತ್ತು ಸಂಜೆಯೇ ಫ್ಲಾಟಿನಲ್ಲಿ ಆರು ಜನರೆದುರು ನಾನು ಪೀಪಾಯಿ ಪ್ರಸಂಗ ಆಡಿ ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡರು. ಮಾಸ್ಟ್ರು ಕೆಳಗಿನ ಮಂಚದಲ್ಲಿ ಕೂತು ಪೂರ್ತಿ ನೋಡಿ, ಗಂಭೀರವಾಗಿ, "ಅದು ಹಾಗಲ್ಲ. 'ಪೀಪಾಯಿ' ಅನ್ನುವ ಮೊದಲು ನಾನು ಕನ್ನಡಕ ತೆಗೀತೇನೆ. ನೀನು ಆಮೇಲೆ ತೆಗೆದೆ," ಎಂದರು. ತನ್ನ ನಕಲನ್ನು ತಾನೇ ತಿದ್ದಿಕೊಟ್ಟ ಮನುಷ್ಯನನ್ನು ನಾನು ಇನ್ನೊಬ್ಬ ಕಂಡಿಲ್ಲ. ನನಗೆ ಅವರು ಕಲಿಸಿದ ಏಕೈಕ ವಿಷಯ ಅವರೇ.

ಆಮೇಲೆ ಆರ್ಮಡಾ ನಿಲ್ಲಲಿಲ್ಲ. ಅದು ಸಲಕ್ಕೊಂದು ಕಾರಣಕ್ಕೆ ಮುಳುಗುತ್ತಿತ್ತು. ಬೋಲ್ಟು ಒಂದು ಅಳತೆ, ನಟ್ಟು ಇನ್ನೊಂದು ಅಳತೆ ಬಂದ ದಿನ, ಸ್ಪೇನಿನವರ ಗುಂಡು ಅವರದ್ದೇ ಫಿರಂಗಿಗೆ ಕೂರದ್ದರಿಂದ ಸೋತರು. ಟ್ರೈಲರ್ ಒಂದು ಗೇಟಿಗೂ ಸಾಮಾನು ಇನ್ನೊಂದು ಗೇಟಿಗೂ ಹೋದ ದಿನ, ಎದುರು ದಡದಲ್ಲಿ ಕಾಯಬೇಕಾಗಿದ್ದ ಸೈನ್ಯಕ್ಕೂ ಹಡಗುಪಡೆಗೂ ಭೇಟಿಯಾಗದ್ದರಿಂದ ಸೋತರು. "ದಿಬ್ಬಣ ಬಂದು ಚಪ್ಪರದೆದುರು ನಿಂತಿದೆ, ಮದುಮಗಳು ಇನ್ನೂ ಮಲ್ಲಿಗೆ ಹುಡುಕ್ತಿದ್ದಾಳೆ. ನಿಲ್ಲಲಿಕ್ಕೆ ಆಳದ ಬಂದರೂ ಇಲ್ಲ. ಎಷ್ಟು ಹೊತ್ತು ನಿಂತಾರು?" ಫ್ಲಾಟಿನ ಹುಡುಗನೊಬ್ಬ ಬಾಸಿನ ಜತೆ ಜಗಳವಾಡಿ ಬೇರೆ ಕೆಲಸ ನೋಡದೆಯೇ ವೀಸಾ ಕ್ಯಾನ್ಸಲ್ ಮಾಡಿಸಲು ಹೊರಟಾಗ ಲಂಗರಿನ ಕತೆ ಬಂತು. ನಿಂತಿದ್ದ ಹಡಗುಗಳ ಕಡೆ ಇಂಗ್ಲಿಷರು ಉರಿಯುವ ದೋಣಿಗಳನ್ನು ತೇಲಿಬಿಟ್ಟರು. ಸ್ಪೇನಿನವರು ಗಾಬರಿಯಲ್ಲಿ ಲಂಗರಿನ ಹಗ್ಗ ಕಡಿದು ಓಡಿದರು. ಬೆಂಕಿ ಯಾರನ್ನೂ ಸುಡಲಿಲ್ಲ. ಆದರೆ ಲಂಗರು ಅಲ್ಲೇ ಉಳಿಯಿತು. ಮುಂದೆ ಐರ್ಲೆಂಡಿನ ಬಂಡೆಗಳ ಹತ್ತಿರ ಗಾಳಿ ಎದ್ದಾಗ ಹಿಡಿದು ನಿಲ್ಲಿಸಲು ಏನಿದೆ? "ಗಾಳಿ ದೂಡಿದ್ದು ಹೌದು. ಲಂಗರು ಕಡಿದದ್ದು ಯಾರು?" ಹುಡುಗ ಜಗಳ ಬಿಟ್ಟು ಕೆಲಸಕ್ಕೆ ಹೋದ. ಇಂದಿಗೂ ಅಲ್ಲೇ ಇದ್ದಾನೆ, ಇಂದಿಗೂ ಬಾಸಿಗೆ ಬೈಯುತ್ತಿದ್ದಾನೆ.

ಇದೇ ಕಾರಣಗಳು ಭಾನುವಾರ ಅಬುಧಾಬಿಯಲ್ಲಿ ಎಂಟನೇ ಕ್ಲಾಸಿನ ಮಗಳಿಗೂ ಹೋಗುತ್ತಿದ್ದವು. ಒಂದು ಸಲಕ್ಕೆ ಒಂದೇ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ಇತಿಹಾಸ ಮಾತ್ರ ಕನ್ನಡದಲ್ಲಿ. ಅದು ಅವರ ಕಾನೂನು. ಈಸ್ಟರಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಆಂಟಿ ಸನ್ನ ಮತ್ತು ಕೋಳಿ ಸಾರು ಮಾಡಿದ್ದರು. ಊಟವಾದ ಮೇಲೆ ಮಗಳು ಒಂದು ನೋಟುಬುಕ್ ತಂದು ತೋರಿಸಿದಳು. ಕಾರಣಗಳನ್ನೆಲ್ಲ ನಂಬರ್ ಹಾಕಿ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದಳು.

"ಪಪ್ಪಾ, ಟೀಚರ್ ಸೇಸ್ ಇಟ್ ವಾಸ್ ದ ಸ್ಟಾರ್ಮ್."

"ನಿನ್ನ ಟೀಚರಿಗೆ ನನ್ನ ನಮಸ್ಕಾರ ಹೇಳು. ಪೀಪಾಯಿ ಕೇಳು."

ಆಗ ನಾನು ಎದ್ದು ನಿಂತು ಕನ್ನಡಕ ತೆಗೆದು, ನನಗೆ ಕನ್ನಡಕವಿಲ್ಲ, ಇದ್ದಂತೆ ತೆಗೆದು, ಹಲ್ಲಿನ ಸಂದಿಯಿಂದ ಉಸಿರೆಳೆದು "ಅದು ಹಾಗಲ್ಲ" ಎಂದೆ. ಆಂಟಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. "ದೇವರೇ, ಇಬ್ಬರನ್ನು ಸಾಕುದು ಹೇಗೆ ನಾನು," ಎಂದರು. ಮಗಳು ಇನ್ನೊಂದು ಸಲ, ಇನ್ನೊಂದು ಸಲ ಎಂದು ನಾಲ್ಕು ಸಲ ಮಾಡಿಸಿದಳು. ಮಾಸ್ಟ್ರು ಬಟ್ಟಲಿನ ತಳದ ಸಾರನ್ನು ಸನ್ನದಿಂದ ಒರೆಸುತ್ತ, "ಈ ಸಲ ಕನ್ನಡಕ ಸರಿಯಾಯ್ತು," ಎಂದರು.

ಅಸಲಿ ಕಾರಣ ಯಾವುದು ಎಂದು ನಾನು ಅವರನ್ನು ಕೇಳಿದ್ದು ಒಮ್ಮೆ ಮಾತ್ರ. ಊರೊಳಗೆ ನುಗ್ಗಿದ ಕಡಲಿನ ಕವಲು, ಆ ಖೋರಿನ ದಡದಲ್ಲಿ ಮಂಜಿ ಎಂಬ ಮರದ ಹಡಗೊಂದಕ್ಕೆ ನೀರಿನ ಡ್ರಮ್ ಏರಿಸುತ್ತಿದ್ದೆವು. ಅವರು ಕೊನೆಯ ಡ್ರಮ್ಮಿನಿಂದ ಕಿವಿ ತೆಗೆದು ಪೆನ್ಸಿಲ್ ಸಿಕ್ಕಿಸಿಕೊಂಡರು.

"ಮಗಳಿಗೆ ಹೇಳಿಲ್ಲ. ಪರೀಕ್ಷೆ ಮುಗೀಲಿ ಅಂತ ಇಟ್ಟಿದ್ದೇನೆ. ನೀನೂ ಹೇಳ್ಬೇಡ," ಎಂದು ಹೇಳಿದರು.

ಪಡೆಯನ್ನು ನಡೆಸಬೇಕಾಗಿದ್ದ ಹಳೆಯ ನಾಯಕ ಹೊರಡುವ ಮೊದಲೇ ತೀರಿಕೊಂಡ. ರಾಜ ಒಬ್ಬ ಡ್ಯೂಕನನ್ನು ನೇಮಿಸಿದ. ಡ್ಯೂಕ್ ಒಳ್ಳೆಯವನು, ಲೆಕ್ಕಾಚಾರದವನು, ಸಮುದ್ರ ಗೊತ್ತಿಲ್ಲದವನು. ಅವನು ಆಸ್ಥಾನಕ್ಕೆ ಬರೆದ. ನನಗೆ ಆರೋಗ್ಯವಿಲ್ಲ, ಹಡಗು ಹತ್ತಿದರೆ ತಲೆ ಸುತ್ತುತ್ತದೆ, ಬೇರೆಯವರನ್ನು ಕಳಿಸಿ. ಒಪ್ಪಲಿಲ್ಲ. ಅವನು ಇನ್ನೊಂದು ಪತ್ರ ಬರೆದ. ಈ ಯಾತ್ರೆ ಕೆಡುತ್ತದೆ ಎಂದು ಸ್ಪಷ್ಟವಾಗಿಯೇ ಬರೆದ. ಆ ಪತ್ರವನ್ನು ಆಸ್ಥಾನದವರು ಓದಿದರು. ರಾಜನಿಗೆ ತೋರಿಸಲಿಲ್ಲ.

"ಯಾಕೆ ತೋರಿಸಲಿಲ್ಲ?"

"ಎಲ್ಲರೂ ಖುಷಿಯಲ್ಲಿದ್ದರು ಮಾರಾಯ. ಖುಷಿ ಕೆಡಿಸುದು ಯಾರು?"

"ತೋರಿಸಿದ್ರೆ ರಾಜ ನಿಲ್ಲಿಸ್ತಿದ್ದನಾ?"

ಅವರು ಉಸಿರೆಳೆದುಕೊಂಡರು. "ಅದು ನಮಗೆ ಗೊತ್ತಿಲ್ಲ. 'ಒಂದು ವೇಳೆ' ಅಂತ ಬರೆದವನಿಗೆ ನಾನು ಯಾವತ್ತೂ ಮಾರ್ಕು ಕೊಟ್ಟವನಲ್ಲ. ಆದರೆ ಪತ್ರ ಕೈಗೆ ಬಂದವನ ಕೆಲಸ ಎಂತ? ಮುಟ್ಟಿಸುದು. ಅಷ್ಟೇ." ಡ್ರಮ್ಮಿನ ಮೇಲೆ ಪೆನ್ಸಿಲಿನಿಂದ ಸರಿ ಗುರುತು ಹಾಕಿದರು. "ಪಾಪ, ಡ್ಯೂಕ್ ಆಮೇಲೆ ಕೇಳಲಿಲ್ಲ. ಹೋದ. ಕೆಲವರು ಹಾಗೆ. ಎರಡು ಸಲ ಹೇಳ್ತಾರೆ, ಮೂರನೇ ಸಲ ಹೇಳುದಿಲ್ಲ."

ನನಗೆ ಆ ಡ್ಯೂಕ್ ಭಾರೀ ಇಷ್ಟವಾದ. ಮಾಸ್ಟ್ರ ಧ್ವನಿಯಲ್ಲಿ ಡ್ಯೂಕನ ಪತ್ರ ಓದುವುದು ನನ್ನ ಹೊಸ ಐಟಂ ಆಯಿತು.

ಇನ್ನು ಹೇಳಬೇಕಾದ್ದನ್ನು ತಮಾಷೆಯಾಗಿ ಹೇಳಲು ಎರಡು ತಿಂಗಳಿಂದ ಪ್ರಯತ್ನಿಸಿದ್ದೇನೆ. ಆಗುವುದಿಲ್ಲ.

ಗೋದಾಮಿಗೆ ತಗಡಿನ ಮಾಡು. ಒಳಗೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಅಲ್ಲಿಂದ ಆಫೀಸಿಗೆ ಮಾತಾಡುವುದು ಗೋಡೆಯ ಹಳೆಯ ಫೋನಿನಲ್ಲಿ. ಸಿಗ್ನಲ್ ಇದ್ದರೂ ಮಾಸ್ಟ್ರು ಅದರಲ್ಲೇ ಮಾತಾಡುತ್ತಿದ್ದರು, ಆಫೀಸಿನ ಮಾತು ಆಫೀಸಿನ ಫೋನಿನಲ್ಲಿ ಎನ್ನುವವರು. ಏಪ್ರಿಲಿನಲ್ಲಿ ಒಂದು ದಿನ ನಾನು ಆ ಫೋನಿನಿಂದ ಹಮೀದಾಕನಿಗೆ ಮಾಸ್ಟ್ರ ಧ್ವನಿಯಲ್ಲಿ, "ಅದು ಹಾಗಲ್ಲ ಹಮೀದಾಕ, ನಾನು ಇವತ್ತೇ ರಾಜೀನಾಮೆ ಕೊಡ್ತೇನೆ," ಎಂದೆ. ಹಮೀದಾಕ ಬಂಟ್ವಾಳ ಕಡೆಯ ಬ್ಯಾರಿ, ಇಪ್ಪತ್ತೆರಡು ವರ್ಷದ ದುಬೈ, ಎದೆಯೊಳಗೆ ಹತ್ತಿ. ಎದ್ದುಬಿದ್ದು ಗಾಡಿ ತೆಗೆದುಕೊಂಡು ಗೋದಾಮಿಗೆ ಬಂದರು. ನಿಜ ಗೊತ್ತಾದಾಗ ನನ್ನ ಕಿವಿ ಹಿಡಿದು ತಿರುಚಿ ತಾವೇ ನಕ್ಕರು.

ಮೇ ತಿಂಗಳಲ್ಲಿ ಎರಡನೆಯ ಸಲ. ಮಾಸ್ಟ್ರು ರುವೈಸಿಗೆ ಹೋಗಬೇಕಾಗಿತ್ತು. ಅಲ್ಲಿಯ ಜೆಟ್ಟಿಗೆ ಬರುವ ದೋಣಿಗಳಿಗೆ ನಮ್ಮ ಸಾಮಾನು ಹೋಗುತ್ತದೆ, ಸ್ಟೋರ್ ಕೀಪರ್ ಖುದ್ದಾಗಿ ಹೋಗಿ ಒಪ್ಪಿಸಬೇಕು, ಅಬುಧಾಬಿ ದಾಟಿ ನಾಲ್ಕು ಗಂಟೆಯ ದಾರಿ. ನಾನು ಅದೇ ಗೋಡೆಯ ಫೋನಿನಲ್ಲಿ ಡ್ಯೂಕನ ಪತ್ರವನ್ನೇ ಓದಿದೆ. "ಹಮೀದಾಕ, ನನಗೆ ಆರೋಗ್ಯ ಸರಿ ಇಲ್ಲ. ರುವೈಸಿಗೆ ಬೇರೆ ಯಾರನ್ನಾದರೂ ಕಳಿಸಿ." ಅವರು ನಂಬಿ ಬದಲಿ ಜನವನ್ನೂ ಗೊತ್ತುಮಾಡಿದರು. ಅಷ್ಟರಲ್ಲಿ ಮಾಸ್ಟ್ರು ಚೀಲ ಹಿಡಿದು ನಗುತ್ತ ಆಫೀಸಿಗೆ ಬಂದು, "ನಾನು ಹೊರಟೆ," ಎಂದರು. ಹಮೀದಾಕ ನನಗೆ ಬೆರಳು ತೋರಿಸಿ ಹೇಳಿದರು. "ಮೂರನೇ ಸಲ ನಾನು ಬೀಳುದಿಲ್ಲ, ನೋಡು."

ಜುಲೈಯಲ್ಲಿ ಮತ್ತೆ ರುವೈಸ್. ಅವತ್ತು ನಾನು ಕೆಫೆಟೇರಿಯಾದಲ್ಲಿ ಪರೋಟ ತಿನ್ನುತ್ತ ಚೇಟನಿಗೆ ಅವನದ್ದೇ ಧ್ವನಿಯಲ್ಲಿ ಉತ್ತರ ಕೊಡುತ್ತ ಕೂತು ತಡಮಾಡಿದೆ. ಆಫೀಸಿಗೆ ಹೋದಾಗ ಏಳೂ ಮುಕ್ಕಾಲು. ಹಮೀದಾಕ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ಚಪ್ಪಾಳೆ ತಟ್ಟಿದರು.

"ಬಂದ್ರಾ ಕಲಾವಿದರು? ಇವತ್ತಿನದ್ದು ಭಾರೀ ಲಾಯ್ಕ ಆಯ್ತು. ಆ ಉಸಿರು ಎಳೆಯುದು ಉಂಟಲ್ಲ, ನಾನು ಒಂದು ಸೆಕೆಂಡ್ ನಂಬಿಯೇ ಬಿಟ್ಟೆ ಮಾರಾಯ. ಎದೆ ಹಿಡಿದ ಹಾಗೆ ಆಗ್ತದೆ, ಎಡಗೈ ಜೋಮು, ಅಂತೆ. ಹೊಸತಾಗಿ ಸೇರಿಸಿದ್ದಾ?"

"ನೀವು ಎಂತ ಹೇಳಿದ್ರಿ?"

"ಎಂತ ಹೇಳುದು? ಖಲಾಸ್, ನಿನ್ನ ನಾಟಕ ಸಾಕು, ಯಲ್ಲಾ, ಮಾಸ್ಟ್ರನ್ನು ಗಾಡಿ ಹತ್ತಿಸು ಅಂದೆ. ಅಷ್ಟಕ್ಕೆ ನೀನೂ ಸುಮ್ಮನಾದೆ."

ಆ ಫೋನ್ ಮಾಡಿದ್ದು ನಾನಲ್ಲ ಎಂದು ಈ ಲೋಕದಲ್ಲಿ ಆ ಕ್ಷಣ ಗೊತ್ತಿದ್ದವನು ನಾನೊಬ್ಬ. ಗಾಡಿ ಇನ್ನೂ ದುಬೈಯ ಅಂಚಿನ ಜೆಬೆಲ್ ಅಲಿ ದಾಟಿರಲಿಕ್ಕಿಲ್ಲ. ದಾರಿಯುದ್ದಕ್ಕೂ ಆಸ್ಪತ್ರೆಗಳಿವೆ, ಅಬುಧಾಬಿಯಲ್ಲಿ ಅವರ ಹೆಂಡತಿಯೇ ಇದ್ದಾರೆ. ನಾನು ಒಂದು ಫೋನ್ ಮಾಡಬೇಕಾಗಿತ್ತು, ಅಷ್ಟೇ. ಮಾಡಲಿಲ್ಲ. ಮಾಸ್ಟ್ರೇ ನನ್ನ ಮೇಲೆ ಸೇಡು ತೀರಿಸಿಕೊಳ್ಳಲು ನನ್ನ ಹಾಗೆ ನಾಟಕ ಆಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆ ಫೋನಿನಲ್ಲಿ ಅವರು ಒಮ್ಮೆಯೂ ತಮಾಷೆ ಮಾಡಿದವರಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಕೇಳೋಣ ಎಂದುಕೊಂಡೆ. ಇವೆಲ್ಲ ಆಮೇಲೆ ಹೆಣೆದ ಮಾತು. ನಿಜ ಬೇರೆ. ಅಸಲಿ ಮನುಷ್ಯನ ಮಾತು ನನ್ನ ನಕಲು ಎಂದು ನಡೆದುಹೋಗಿತ್ತು. ಕಲಾವಿದನಿಗೆ ಇದಕ್ಕಿಂತ ದೊಡ್ಡ ಬಹುಮಾನ ಇಲ್ಲ. ನಾನಲ್ಲ ಎಂದರೆ ಆ ಬಹುಮಾನ ವಾಪಸು ಹೋಗುತ್ತಿತ್ತು.

ನಾನು ನಕ್ಕೆ. "ಹೇಗಿತ್ತು?" ಎಂದೆ.

ಪಠಾಣನ ಫೋನ್ ಹನ್ನೆರಡೂವರೆಗೆ ಬಂತು. ಆ ತಿಂಗಳುಗಳಲ್ಲಿ ಮಧ್ಯಾಹ್ನ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು, ಹಾಗಾಗಿ ಅವರು ಮಾಡಿನ ಅಡಿಯಲ್ಲೇ ಡ್ರಮ್ಮುಗಳನ್ನು ಪರೀಕ್ಷಿಸುತ್ತಿದ್ದರಂತೆ. ಒಂದು, ಎರಡು ಆಯಿತು. ಮೂರನೆಯದಕ್ಕೆ ಗೆಣ್ಣಿನಿಂದ ಬಡಿದು ಕಿವಿ ಇಟ್ಟರು. ಎತ್ತಲಿಲ್ಲ. ಪಠಾಣ ಪಕ್ಕದಲ್ಲೇ ನಿಂತು ಕಾದಿದ್ದಾನೆ, ಮಾತಾಡಿದರೆ ಅವರಿಗೆ ಕೇಳಿಸುವುದಿಲ್ಲವೆಂದು ಉಸಿರು ಬಿಗಿಹಿಡಿದು. "ಮೈನೆ ಸಮ್ಝಾ, ಮಾಸ್ಟರ್‌ಜೀ ಸುನ್ ರಹೇ ಹೈ," ಎಂದು ಅತ್ತ. ಕೇಳುತ್ತಿದ್ದಾರೆ ಎಂದುಕೊಂಡನಂತೆ.

ನಾನು, ಹಮೀದಾಕ ರುವೈಸಿನ ಆಸ್ಪತ್ರೆ ತಲಪುವಾಗ ಸಂಜೆಯಾಗಿತ್ತು. ಆಂಟಿ ಅಬುಧಾಬಿಯಿಂದ ಮೊದಲೇ ಬಂದಿದ್ದರು, ನರ್ಸಿನ ಸಮವಸ್ತ್ರದಲ್ಲೇ. ಅಲ್ಲಿಯ ಜನ ಅವರನ್ನು ಸ್ಟಾಫ್ ಎಂದುಕೊಂಡು ಏನೋ ಕೇಳುತ್ತಿದ್ದರು. ಅವರು ದಾರಿಯನ್ನೂ ತೋರಿಸುತ್ತಿದ್ದರು. ಕಾರಿಡಾರಿನ ಕೊನೆಯಲ್ಲಿ ಹಮೀದಾಕ ನನ್ನ ಮೊಣಕೈ ಹಿಡಿದರು.

"ಬೆಳಿಗ್ಗೆ ಫೋನ್ ಮಾಡಿದ್ದು ನೀನೇ ಅಲ್ವಾ?"

ನಾನು ಆಂಟಿಯ ಕಡೆ ನೋಡಿದೆ.

"ನೀನೇ ಅಂತ ಹೇಳು ಮಾರಾಯ. ನಿನ್ನ ಕಾಲು ಹಿಡೀತೇನೆ, ನೀನೇ ಅಂತ ಹೇಳು."

"ಅಲ್ಲ ಹಮೀದಾಕ."

ಅವರು ಗೋಡೆಗೆ ಒರಗಿ ಹಾಗೆಯೇ ನೆಲಕ್ಕೆ ಕೂತರು. ಈಗ ಗೋದಾಮಿನಿಂದ ಫೋನ್ ಬಂದರೆ ಅವರು ಗಂಟಲು ಸರಿಮಾಡಿಕೊಳ್ಳುವುದಿಲ್ಲ, ಸಲಾಂ ಹೇಳುವುದಿಲ್ಲ. ಎತ್ತಿದವರೇ, "ಯಾರು? ಎಂತ ಆಯ್ತು?" ಎನ್ನುತ್ತಾರೆ.

ಮಾಸ್ಟ್ರು ಬಿಸಿಲಿಗೆ ಹೋದರು ಎಂದು ದೇರಾದಲ್ಲಿ ಎಲ್ಲರೂ ಹೇಳಿದರು. ಫ್ಲಾಟಿನವರು ಹೇಳಿದರು, ಚೇಟ ಹೇಳಿದ, ಚರ್ಚಿನ ಪೂಜೆಗೆ ಬಂದವರೂ ಹೇಳಿದರು. ಈ ವರ್ಷದ ಬಿಸಿಲು ಭಯಂಕರ. ಬಿಸಿಲಿಗೂ ಬಾಯಿಲ್ಲ.

ಮೂವತ್ತನೆಯ ದಿನದ ಪೂಜೆ ಅಬುಧಾಬಿಯ ಇಗರ್ಜಿಯಲ್ಲಾಯಿತು. ಆಮೇಲೆ ಮನೆಗೆ ಹೋದೆವು. ಉಳಿದವರು ಚಹಾ ಕುಡಿದು ಹೊರಟರು. ಹಮೀದಾಕ ಬಾಗಿಲವರೆಗೆ ಬಂದು ಒಳಗೆ ಬರಲಾರದೆ ಕೆಳಗೆ ಗಾಡಿಯಲ್ಲಿ ಕೂತಿದ್ದರು. ಆಂಟಿ ನನ್ನೆದುರು ಕಪ್ಪು ಇಟ್ಟು ಕುರ್ಚಿಯ ತುದಿಯಲ್ಲಿ ಕೂತರು.

"ಯಾರಿಗೂ ಹೇಳಲಿಲ್ಲ ನೋಡು ಅವರು," ಎಂದರು. "ದಿನಕ್ಕೆ ನಲವತ್ತು ಜನರ ಬಿಪಿ ನೋಡುವವಳು ನಾನು. ಭಾನುವಾರ ಇಡೀ ಇಲ್ಲೇ ಇದ್ರು. ನನಗೆ ಗೊತ್ತಾಗಲಿಲ್ಲ. ಅವರೂ ಒಂದು ಮಾತು ಹೇಳಲಿಲ್ಲ. ಅಷ್ಟು ಎಂತದು ಹಟ? ಒಬ್ಬರಿಗೆ, ಒಬ್ಬರಿಗಾದ್ರೂ ಹೇಳ್ಬಹುದಿತ್ತು. ನನಗೆ ಅವರ ಮೇಲೆ ಎಷ್ಟು ಕೋಪ ಉಂಟು ಗೊತ್ತುಂಟಾ? ಫೋಟೋದ ಮುಖ ನೋಡ್ಲಿಕ್ಕೆ ಆಗುದಿಲ್ಲ ನನಗೆ."

ಫೋಟೋ ಟೀವಿಯ ಪಕ್ಕದಲ್ಲಿತ್ತು. ಅದರಲ್ಲಿಯೂ ಮಣಿಕಟ್ಟಿನ ಗುಂಡಿ ಹಾಕಿತ್ತು.

ಅಷ್ಟರಲ್ಲಿ ಮಗಳು ನೋಟುಬುಕ್ ತಂದಳು. ಆರು ಕಾರಣಗಳಿದ್ದವು. ಏಳು ಎಂದು ಬರೆದು ಎದುರಿಗೆ ಜಾಗ ಬಿಟ್ಟಿದ್ದಳು.

"ಪಪ್ಪಾ ಸೆಡ್ ದೇರ್ ಈಸ್ ಒನ್ ಮೋರ್. ದ ರಿಯಲ್ ಒನ್. ಆಫ್ಟರ್ ಎಕ್ಸಾಮ್ಸ್ ಅಂದಿದ್ರು. ನಿಮಗೆ ಗೊತ್ತುಂಟಾ?" ಆಮೇಲೆ ನಾಚಿಕೆಯಲ್ಲಿ, ಅಮ್ಮನ ಕಡೆ ನೋಡುತ್ತ, "ಅವರ ವಾಯ್ಸಲ್ಲಿ ಹೇಳ್ತೀರಾ?" ಎಂದಳು.

ಆಂಟಿ ಬೇಡ ಎನ್ನಲಿಲ್ಲ.

ನಾನು ಇಲ್ಲದ ಕನ್ನಡಕ ತೆಗೆದೆ. ಉಸಿರೆಳೆದೆ. "ಅದು ಹಾಗಲ್ಲ," ಎಂದೆ. ಎಷ್ಟು ಸರಿಯಾಗಿ ಬಂತೆಂದರೆ ಆಂಟಿಯ ಕೈ ಬಾಯಿಗೆ ಹೋಯಿತು. ಡ್ಯೂಕನ ಕತೆ ಹೇಳಿದೆ. ಒಳ್ಳೆಯವನು, ಲೆಕ್ಕಾಚಾರದವನು. ಆರೋಗ್ಯವಿಲ್ಲ ಎಂದು ಬರೆದದ್ದು, ಮತ್ತೆ ಬರೆದದ್ದು. ಮೂರನೆಯ ಪದದಲ್ಲಿ ನಿಲ್ಲುತ್ತ, ಅವರು ನಿಲ್ಲುತ್ತಿದ್ದ ಹಾಗೇ. ಮಗಳು ಬರೆದುಕೊಳ್ಳು‌ತ್ತಿದ್ದಳು. ಪತ್ರ ಆಸ್ಥಾನದವರ ಕೈಗೆ ಬಂತು ಎನ್ನುವಲ್ಲಿ ಧ್ವನಿ ಬಿಟ್ಟುಹೋಯಿತು. ಮಾಸ್ಟ್ರದ್ದು ಹೋಯಿತು. ಉಳಿದದ್ದು ಯಾವುದೋ ತೆಳ್ಳಗಿನದ್ದು, ನನಗೇ ಪರಿಚಯವಿಲ್ಲದ್ದು.

"ಅವರು ಹೇಳಿದ್ದರು ಆಂಟಿ."

"ಎಂತ?"

"ಆ ದಿನ ಬೆಳಿಗ್ಗೆ ಅವರು ಹೇಳಿದ್ದರು. ಫೋನ್ ಮಾಡಿ. ಎದೆ ಹಿಡಿದ ಹಾಗೆ ಆಗ್ತದೆ, ಎಡಗೈ ಜೋಮು, ರುವೈಸಿಗೆ ಬೇರೆಯವರನ್ನು ಕಳಿಸಿ ಅಂತ. ಹಮೀದಾಕ ಅದು ನಾನು ಅಂದ್ಕೊಂಡ್ರು. ಮೊದಲು ಎರಡು ಸಲ ಅವರ ಧ್ವನಿಯಲ್ಲಿ ಮಾಡಿದ್ದು ನಾನೇ. ಆಫೀಸಿಗೆ ಬಂದಾಗ ನನಗೆ ಗೊತ್ತಾಯ್ತು. ಆಗ ಗಾಡಿ ದುಬೈಯಲ್ಲೇ ಇತ್ತು. ನಾನು ಹೇಳಲಿಲ್ಲ. ನಾನು ನಕ್ಕೆ."

ಕೆಳಗೆ ರಸ್ತೆಯಲ್ಲಿ ಯಾರೋ ಹಾರ್ನ್ ಒತ್ತುತ್ತಿದ್ದರು. ಆಂಟಿ ಕೇಳಿದರು, "ಹೇಗೆ ಹೇಳಿದ್ರು? ಅವರು ಹೇಳಿದ ಹಾಗೆಯೇ ಹೇಳು."

"ಅದೊಂದು ನಾನು ಕೇಳಿಲ್ಲ ಆಂಟಿ," ಎಂದೆ. "ಅದು ಹಮೀದಾಕ ಮಾತ್ರ ಕೇಳಿದ್ದು."

ಅವರು ಎದ್ದು ಟೀವಿಯ ಹತ್ತಿರ ಹೋದರು. ಫೋಟೋವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮುಖವನ್ನು ನೋಡಿದರು. "ಹೇಳಿದ್ದೀರಿ ನೀವು," ಎಂದರು, ಅವರಿಗೆ. ನನ್ನ ಕಡೆ ತಿರುಗಲಿಲ್ಲ. ಆಮೇಲೆಯೂ ತಿರುಗಲಿಲ್ಲ. ತಿರುಗಬೇಕೆಂದು ನಾನು ಕಾಯುವುದೂ ಸರಿಯಲ್ಲ.

ಮಗಳು ಏಳನೆಯ ಕಾರಣವನ್ನು ಬರೆದು ಮುಗಿಸಿದ್ದಳು. ಅಷ್ಟು ದಿನ ಇಂಗ್ಲಿಷಿನಲ್ಲೇ ಬರೆದವಳು ಇದನ್ನು ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಬರೆದಿದ್ದಳು. 'ಪತ್ರ ಮುಟ್ಟಲಿಲ್ಲ.' ಅವಳು ಪೆನ್ಸಿಲನ್ನು ಎತ್ತಿ ನನ್ನನ್ನು ನೋಡಿದಳು. ಅಪ್ಪನ ಹಾಗೆಯೇ, ತರಗತಿಯಲ್ಲಿ ಉತ್ತರ ಬರುವವರೆಗೆ ಕಾಯುವ ನೋಟ.

"ಯಾರು ಮುಟ್ಟಿಸಲಿಲ್ಲ ಅಂತ ಬರೀಬೇಕಾ?"

"ಬರಿ," ಎಂದೆ.

"ಹೆಸರು ಹೇಳಿ."

ಹೇಳಿದೆ. ಅವಳು ನನ್ನ ಹೆಸರು ಬರೆದುಕೊಂಡಳು.